ಏಡಿ ಮಹದೇವ, ನಮ್ಮ ಲ್ಯಾಬಿನವನು

ಯಾರಾದರೂ ಸುಳ್ಳು ಅಂತ ಹೇಳಿ...

ಬೆಳಿಗ್ಗೆ ಹಂಪಾಪುರದಿಂದ ಮಹದೇವನ ತಮ್ಮ ಫೋನ್ ಮಾಡಿ, "ಅಣ್ಣ ಒಂಟೋದ ಕಣಣ್ಣೋ..." ಎಂದ.
"ಎಲ್ಲಿಗೆ?" ಎಂದು ಕೇಳಿದೆ ನಾನು, ದಡ್ಡನ ಹಾಗೆ.
ಹಾರ್ಟ್ ಅಟ್ಯಾಕ್ ಅಂತೆ...

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ತೊಂಬತ್ತರ ದಶಕದ ಕೊನೆಯಲ್ಲಿ ನಾವಿಬ್ಬರೂ ಯೂನಿವರ್ಸಿಟಿಯ ಇಕಾಲಜಿ ಡಿಪಾರ್ಟ್‌ಮೆಂಟಿನಲ್ಲಿ ಪಿಎಚ್‌ಡಿಗೆ ಸೇರಿದವರು. ಒಂದೇ ಲ್ಯಾಬ್, ಒಬ್ಬರೇ ಗೈಡ್.
ನನ್ನದು ಇರುವೆ, ಅವನದು ಗದ್ದೆ ಏಡಿ.
"ಸಾರು ಮಾಡೋದ್ರ ಮೇಲೆ ಥೀಸಿಸ್ಸೇನ್ಲಾ?" ಎಂದು ರೇಗಿಸುತ್ತಿದ್ದೆವು.

ಔಷಧಿ ಹೊಡೆಯುವ ಗದ್ದೆಯಲ್ಲಿ ಏಡಿ ಉಳಿಯುತ್ತದೆಯೇ?
ಅವನ ಪ್ರಶ್ನೆ ಅಷ್ಟೇ.
ಕೆ.ಆರ್. ನಗರದ ಹತ್ತಿರ ನಿಂಗಮ್ಮ ಎಂಬವರ ಗದ್ದೆಯಲ್ಲಿ ಏಡಿ ಹಿಡಿದು, ಬೆನ್ನಿಗೆ ಕೆಂಪು ನೇಲ್ ಪಾಲಿಶ್ ಹಚ್ಚಿ ಬಿಡುತ್ತಿದ್ದ. ಮತ್ತೆ ಹೋಗಿ ಹುಡುಕುತ್ತಿದ್ದ.
ಉಳಿದಿದ್ದವು... ಯಾರೂ ಊಹಿಸದಷ್ಟು ಉಳಿದಿದ್ದವು!
ಗೈಡ್ ಹಿಗ್ಗಿ ಹೀರೇಕಾಯಿಯಾದರು. ಥೀಸಿಸ್ ಟೈಪಿಂಗಿಗೆ ಹೋಯಿತು. ಅದು ಮುಗಿದರೆ ಲೆಕ್ಚರರ್ ಕೆಲಸವೂ ಹೆಚ್ಚುಕಡಿಮೆ ಗ್ಯಾರಂಟಿ.

ಖುಷಿಯಲ್ಲಿ ನಿಂಗಮ್ಮನಿಗೆ ಸ್ವೀಟ್ ಕೊಡಲು ಹೋದೆವು.
ಮುದ್ದೆ, ಏಡಿ ಸಾರು ಬಡಿಸಿದರು.
"ಇಷ್ಟು ಏಡಿ ಇಡೀತೀರಲ್ಲವ್ವಾ, ನನ್ನ ಬಣ್ಣದವು ಸಿಗಾಕಿಲ್ವಾ?" ಎಂದ ಮಹದೇವ.
"ಸಿಗ್ದೆ ಏನಪ್ಪಾ? ಬುಟ್ಬುಡ್ತೀವಿ. ನಿನ್ ಓದಿನ್ವಲ್ವಾ ಅವು! ಔಸ್ದಿ ಒಡ್ಯೋ ದಿನ ಇಡ್ದು ಕಾಲ್ವೆಗ್ ಬುಟ್ಟು, ಆಮ್ಯಾಕೆ ತಂದು ಗದ್ದೆಗೆ ಬುಡ್ತೀವಿ. ಊರೋರ್ಗೆಲ್ಲ ಏಳಿವ್ನಿ."
ಮಹದೇವನ ಕೈಯ ತುತ್ತು ಕೈಯಲ್ಲೇ ಉಳಿಯಿತು.

ಉಳಿದವು ಔಷಧಿಯೇ ತಾಗದ ಏಡಿಗಳು ಎಂದು ಲ್ಯಾಬಿಗೆ ಬಂದು ಹೇಳಿದೆವು. "ಇದು ನಮ್ಮ ಮೂವರಲ್ಲೇ ಇರಲಿ" ಎಂದರು ಗೈಡ್.
ಅವನು ಒಪ್ಪಲಿಲ್ಲ.
"ಔಷಧಿಯಿಂದ ಏಡಿಗೆ ಏನೂ ಆಗಲ್ಲ ಅಂತ ನಾನು ಬರುದ್ರೆ, ನಾಳೆ ಕಂಪ್ನಿಯೋರು ಅದನ್ನೇ ತೋರ್ಸಿ ಎರಡರಷ್ಟು ಒಡುಸ್ತಾರೆ ಕಣ್ಲಾ. ಸಾಯೋದು ಬರೀ ಏಡಿನಾ?"
ಥೀಸಿಸ್ ವಾಪಸ್ ತಂದ.

ಲೇ ಮಹದೇವಾ...
ಎಂಥಾ ಹಟಮಾರಿಯೋ ನೀನು!
ಮತ್ತೆ ಮೊದಲಿಂದ ಮಾಡುವಷ್ಟರಲ್ಲಿ ಫೆಲೋಶಿಪ್ ಮುಗಿಯಿತು, ಪಿಎಚ್‌ಡಿ ಅರ್ಧಕ್ಕೇ ನಿಂತಿತು. ಕೆಲಸ ಬೇರೆಯವರ ಪಾಲಾಯಿತು. ನೀನು ಹುಣಸೂರಿನಲ್ಲಿ ಪಾರ್ಟ್‌ಟೈಮ್ ಪಾಠ ಮಾಡಿಕೊಂಡೇ ಉಳಿದೆ.
ನಿನ್ನ ಪಾಡು ನೋಡಿ ನಾನು ಬೈಯುತ್ತಿದ್ದೆ ಕಣೋ... ನಿನಗೆ ಮಾತ್ರ ಒಂದೇ ಚಿಂತೆ. ನಿಂಗಮ್ಮನಿಗೆ ಗೊತ್ತಾಗಬಾರದು.
"ಪ್ರೀತಿಯಿಂದ ಮಾಡಿದ್ದು ಕಣ್ಲಾ. ತನ್ನಿಂದ ಇಂಗಾಯ್ತು ಅಂತ ಗೊತ್ತಾದ್ರೆ ಅನ್ನ ಬುಟ್ಬುಡ್ತಾಳೆ."
ಪಾಸಾಯ್ತು ಎಂದು ಅವರಿಗೆ ಹೇಳಿ ಬಂದೆಯಲ್ಲೋ, ನಗುನಗುತ್ತಾ...

ಈಗಷ್ಟೇ ಮಣ್ಣು ಮಾಡಿ ಬಂದೆವು.
ನಮ್ಮ ಲ್ಯಾಬಿನವರೆಲ್ಲ ಇದ್ದರು. ಗೈಡ್ ಕೂಡ ಬಂದಿದ್ದರು.
ನಿಂಗಮ್ಮ ಎರಡು ಬಸ್ಸು ಬದಲಿಸಿ ಬಂದಿದ್ದರು. ಅವನ ಕಾಲು ಹಿಡಿದು ಅಳುತ್ತಿದ್ದರು.
ನನ್ನನ್ನು ಗುರುತು ಹಿಡಿದು ಕೇಳಿದರು,
"ನನ್ ಗದ್ದೇಲಿ ಓದಿ ಡಾಕ್ಟ್ರಾದ ಮಗ ಅಲ್ವೇನಪ್ಪಾ ಇವ್ನು?"


ಗೈಡ್ ಅವರೇ ಮುಂದೆ ಬಂದು ನಿಂಗಮ್ಮನ ಕೈ ಹಿಡಿದುಕೊಂಡರು.
"ಹೌದು ತಾಯಿ... ಡಾಕ್ಟ್ರೇ."

ಹೋಗಿ ಬಾ ಗೆಳೆಯಾ...
ನಿನ್ನ ಜೀವ ತಣ್ಣಗಿರಲಿ 🙏