ಶೈಸ್ತಾಳ ಎರಡನೇ ಪೇಪರು

ರವಿವಾರ ಪೇಟೆಯ ನಮ್ಮ ಪತ್ತಿನ ಸಂಘದಲ್ಲಿ ಕಣ್ಣು ಮುಚ್ಚಿ ನಂಬಬಹುದಾದ ಲೆಕ್ಕ ಇಬ್ಬರದೇ. ಒಬ್ಬರು ಹಿರಿಯ ಅಕೌಂಟೆಂಟ್ ಮುತ್ತಪ್ಪ. ಇನ್ನೊಬ್ಬಳು ಅವರ ಕೈಯಲ್ಲಿ ಪಳಗಿದ ಶೈಸ್ತಾ. ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ದುಡಿಯುವ ಗೌಸಸಾಬರ ಮಗಳು. ದಿನಾ ಬಸ್ಸಿನಲ್ಲಿ ನಿಂತೇ ಬರುತ್ತಿದ್ದಳು, ನಿಂತೇ ಓದುತ್ತಿದ್ದಳು. ನಾನು ಅವಳ ಪಕ್ಕದ ಮೇಜಿನವಳು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅವಳಿಗೆ ಸಿಟ್ಟೇ ಬರುವುದಿಲ್ಲ. ಅದೊಂದೇ ಅವಳಲ್ಲಿ ನನಗೆ ಸೇರದ ಗುಣ.

ಮುತ್ತಪ್ಪನವರದು ಒಂದೇ ಪಾಠ. ಮೇಲಿನಿಂದ ಕೆಳಗೆ ಕೂಡಿಸು, ಮತ್ತೆ ಕೆಳಗಿನಿಂದ ಮೇಲೆ ಕೂಡಿಸು. ಎರಡೂ ತಾಳೆಯಾದರೆ ಮಾತ್ರ ಬರೆ. "ಅಂದಾಜಿನ್ಯಾಗ ಅಂಕಿ ಬರಿಯೂದಂದ್ರ ಕಳುವು ಮಾಡಿದಂಗ," ಎನ್ನುತ್ತಿದ್ದರು. ಕಂಪ್ಯೂಟರ್ ಬಂದ ಮೇಲೂ ನಮ್ಮಲ್ಲಿ ಈ ರೂಢಿ ಹೋಗಿಲ್ಲ.

ಶೈಸ್ತಾ ಕಟ್ಟಿದ್ದು ಹಣಕಾಸಿನ ಅಪಾಯ ಅಳೆಯುವವರ ದೊಡ್ಡ ಪರೀಕ್ಷೆಗೆ. ಅದಕ್ಕೆ ಎರಡು ಹಂತ. ಒಂದಾದ ಮೇಲೊಂದು ಬರೆಯಬೇಕೆಂದು ಅವಳೂ ಅಂದುಕೊಂಡಿದ್ದಳು, ನಿಶ್ಚಿತಾರ್ಥದ ದಿನದವರೆಗೆ. ಅಂದು ಜಾಂಬೋಟಿಯಿಂದ ಬಂದಿದ್ದ ಹುಡುಗನ ತಾಯಿ ಮೆಹಬೂಬಿ, ನಾವು ಸಂಘದವರು ಕೂತಿದ್ದೇವೆಂದು ಕನ್ನಡದಲ್ಲೇ ಹೇಳಿದರು.

"ಓದು ಮುಗಿಸಿ ಬಂದ್ರ ಖುಶಿಲೆ ನೌಕರಿ ಮಾಡ್ಲಿ, ನಾ ಬ್ಯಾಡ ಅನ್ನಂಗಿಲ್ಲ. ಅರ್ಧಾ ಓದು ಹೊತ್ಕೊಂಡು ಬಂದ್ರ ಮಾತ್ರ ನಡಿಯಂಗಿಲ್ಲ. ಸೊಸಿ ಪುಸ್ತಕ ಹಿಡಕೊಂಡು ಕುಂತ್ರ ಮನಿ ನೋಡವ್ರು ಯಾರ್ರೀ?"

ಬೆಲ್ಲ ಸವರಿದ ಮಾತು. ಎಲ್ಲರೂ ತಲೆಯಾಡಿಸಿದರು. ನನಗೆ ಮೈಯುರಿಯಿತು. ನಿಕಾಹ್‌ಗೆ ಮುಂಚೆ ಉಳಿದಿದ್ದು ಒಂದೇ ಪರೀಕ್ಷೆಯ ಸರದಿ. ಶೈಸ್ತಾ ಎರಡೂ ಹಂತಕ್ಕೆ ಒಟ್ಟಿಗೇ ಅರ್ಜಿ ಹಾಕಿದಳು. ಒಂದೇ ದಿನ, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಮೊದಲನೆಯದರಲ್ಲಿ ನಪಾಸಾದರೆ ಎರಡನೆಯದನ್ನು ತಿದ್ದುವುದೇ ಇಲ್ಲ ಎಂಬ ನಿಯಮ ಅವಳಿಗೆ ಗೊತ್ತಿತ್ತು.

"ಕಠಿಣ ಇರೂದು ಎರಡನೇದ್ರಿ ಅನುರಾಧಕ್ಕಾ. ಮೊದಲನೇದು ಬರೇ ಲೆಕ್ಕ. ಲೆಕ್ಕಕ್ಕ ನಾ ಅಂಜತೇನೇನು?" ಅಂದಳು.

ಊಟದ ಹೊತ್ತಿಗೆ ಡಬ್ಬಿ ಬಿಚ್ಚದೆ ಓದಿದಳು. ನೋಡನೋಡುತ್ತ ಸೊರಗಿದಳು. ಅಣ್ಣ ಜುಲ್ಫಿಕಾರ ಪುಣೆಗೆ ಕರೆದುಕೊಂಡು ಹೋಗಿ ಪರೀಕ್ಷೆ ಬರೆಸಿಕೊಂಡು ಬಂದ. ಮರುದಿನ ನಾನು ಕೇಳಿಯೇಬಿಟ್ಟೆ.

"ಎರಡನೇದು ಭಾಳ ಚಲೋ ಆತ್ರಿ. ಖರೇನ ಪಾಸ್ ಆಕ್ಕೇನಿ."

"ಮೊದಲನೇದು?"

"ಟೈಮ್ ಸಾಲಲಿಲ್ರಿ. ಕಡೀಕಿನ ಒಂದಿಷ್ಟು ಹಂಗ ಬಿಟ್ಟೆ."

ಪ್ರತಿ ಲೆಕ್ಕವನ್ನೂ ಎರಡೆರಡು ಸಲ ಮಾಡಿದ್ದಳಂತೆ, ಒಮ್ಮೆ ಮೊದಲಿನಿಂದ, ಇನ್ನೊಮ್ಮೆ ಉತ್ತರದಿಂದ ಹಿಂದಕ್ಕೆ. ಕೊಟ್ಟ ಉತ್ತರಗಳಲ್ಲಿ ಒಂದನ್ನು ಆರಿಸಿ ಗುರುತು ಹಾಕುವ ಪರೀಕ್ಷೆ ಅದು. ತಪ್ಪಿದರೂ ಅಂಕ ಕಳೆಯುವುದಿಲ್ಲ. ಉಳಿದವಕ್ಕೆಲ್ಲ ಸುಮ್ಮನೆ ಗುರುತು ಹಾಕಿದ್ದರೂ ಒಂದಷ್ಟು ದಕ್ಕುತ್ತಿದ್ದವು.

ಫಲಿತಾಂಶ ಅವಳ ಫೋನಿಗೆ ಬಂತು. ಮೊದಲನೆಯದು ನಪಾಸು. ಎರಡನೆಯದನ್ನು ತಿದ್ದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗೆ. ಅವಳು ಅಷ್ಟು ಚೆನ್ನಾಗಿ ಬರೆದದ್ದನ್ನು ಇನ್ನು ಯಾರೂ ನೋಡುವುದಿಲ್ಲ.

ವಿಷಯ ತಿಳಿದ ಮುತ್ತಪ್ಪ ಕುರ್ಚಿ ಎಳೆದುಕೊಂಡು ಅವಳೆದುರು ಕೂತರು. "ತಪ್ಪಿದ್ರೂ ಮಾರ್ಕ್ಸ್ ಕಡಿಯಂಗಿಲ್ಲಂದ್ರ, ಸುಮ್ಮನ ಒಂದೊಂದು ಗುರುತು ಹಾಕಿ ಬರೂದಲ್ಲೇನವಾ?"

ಶೈಸ್ತಾ ಅರ್ಥವಾಗದವಳಂತೆ ನೋಡಿದಳು. "ಲೆಕ್ಕಾ ಮಾಡದ ಹೆಂಗ್ರಿ ಕಾಕಾ? ಅದು ಕಳುವಲ್ಲೇನ್ರಿ?"

ಅವರು ಎದ್ದು ಹೊರಗೆ ಹೋದರು.

ಮೆಹಬೂಬಿ ಆಡಿದ ಮಾತಿಗೆ ತಪ್ಪಲಿಲ್ಲ: ಓದು ಮುಗಿದಿಲ್ಲ, ಹಾಗಾದರೆ ನೌಕರಿಯೂ ಬೇಡ. ಹುಡುಗ ತಾಲಿಬ ತಾಯಿಯ ಮಾತನ್ನೇ ಒಪ್ಪಿದ. ಗೌಸಸಾಬರು ಬೀಗರ ಕಡೆಗೇ ವಾಲಿದರು. ಶೈಸ್ತಾ ರಾಜೀನಾಮೆ ಬರೆದುಕೊಟ್ಟಳು. ಅವರೆಲ್ಲರ ಮೇಲೆ ಅವಳಿಗೆ ಬರಬೇಕಾದ ಸಿಟ್ಟೂ ನನಗೇ ಬಂತು. ಏನು ಪ್ರಯೋಜನ?

ಕೊನೆಯ ದಿನ ಸಂಜೆ ಅವಳು ದಿನದ ಲೆಕ್ಕಕ್ಕೆ ಕೂತಳು. ಮೇಲಿನಿಂದ ಕೆಳಗೆ ಕೂಡಿಸಿದಳು. ಮತ್ತೆ ಕೆಳಗಿನಿಂದ ಶುರು ಮಾಡಿದಾಗ ಮುತ್ತಪ್ಪ ಮೆಲ್ಲಗೆ, "ಸಾಕು ಬಿಡವಾ. ಇವತ್ತೊಂದಿನ ಒಮ್ಮೆ ಮಾಡಿದ್ರ ನಡೀತೈತಿ," ಅಂದರು.

ಶೈಸ್ತಾ ತಲೆ ಎತ್ತಲಿಲ್ಲ. "ಇದನ್ನ ಪುಣೆಗೆ ಹೋಗೂಕಿಂತ ಮೊದಲ ಹೇಳಬೇಕಿತ್ರಿ ಕಾಕಾ."

ಆಗಲೂ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮೇಲಿನ ತನಕ ಕೂಡಿಸಿದಳು, ತಾಳೆಯಾಯಿತು, ಬರೆದಳು.