ಮಂಡಿಗೆ ನೀರು ಕುಡಿಸುವುದು

ನಾನು ಕೂತಲ್ಲಿಂದ ಎದ್ದರೆ ಅಡುಗೆಮನೆಯಲ್ಲಿರುವ ಹೆಂಡತಿಗೂ ತಿಳಿದುಹೋಗುತ್ತದೆ. ನನ್ನ ಎಡಮಂಡಿ ಲಟಕ್ಕೆಂದು ಸುದ್ದಿ ಮುಟ್ಟಿಸಿಬಿಡುತ್ತದೆ. ಸದ್ದು ಕೇಳಿದ ಕೂಡಲೇ ಅವಳು ಕಾಫಿಗೆ ನೀರಿಡುತ್ತಾಳೆ. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಬಹಳ ವರ್ಷ ವಿಜ್ಞಾನ ಹೇಳಿಕೊಟ್ಟವನು ನಾನು. ಮನೆಯಲ್ಲಿ ನನ್ನ ಮಾತಿಗಿಂತ ನನ್ನ ಮಂಡಿಯ ಮಾತಿಗೆ ಬೆಲೆ ಹೆಚ್ಚು ಎಂದು ಒಪ್ಪಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಮಂಡಿ ಸದ್ದು ಮಾಡಿದಾಗಲೆಲ್ಲ ನೆನಪಾಗುವುದು ಅರಕಲಗೂಡಿಗೆ ಕೊಟ್ಟಿದ್ದ ನಮ್ಮ ದೊಡ್ಡಕ್ಕ. ಎಳೆಮಕ್ಕಳಿಗೆ ನೀರು ಹಾಕುವುದರಲ್ಲಿ ಅವಳದು ಎತ್ತಿದ ಕೈ. ಚಾಚಿದ ಕಾಲು ಎಂದರೆ ಇನ್ನೂ ಸರಿಯಾದೀತು. ಬಚ್ಚಲಲ್ಲಿ ಮಣೆ ಹಾಕಿಕೊಂಡು, ಎರಡೂ ಕಾಲನ್ನು ನೀಳವಾಗಿ ಚಾಚಿ, ಅದರ ಮೇಲೆ ಮಗುವನ್ನು ಮಲಗಿಸಿ ಬಿಸಿನೀರು ಹುಯ್ದಳೆಂದರೆ, ಎಂಥ ರಚ್ಚೆಯ ಮಗುವೂ ಮಧ್ಯಾಹ್ನದವರೆಗೆ ಕಣ್ಣು ಬಿಡುತ್ತಿರಲಿಲ್ಲ. ಅವಳ ಕೇರಿಯ ಮಕ್ಕಳೆಲ್ಲ ಆ ಕಾಲ ಮೇಲೆ ಮಿಂದವರೇ. ಅವಳು ಮದುವೆಯಾಗಿ ಹೋಗುವ ಮುಂಚೆ ಹುಟ್ಟಿದ್ದರಿಂದ ನಾನೂ ಮಿಂದಿದ್ದೇನೆ. ಇದನ್ನು ಅವಳು ನನ್ನ ಶಿಷ್ಯರ ಎದುರಿಗೇ ವಿವರವಾಗಿ ಹೇಳುತ್ತಿದ್ದಳು.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಅಕ್ಕನ ಒಬ್ಬಳೇ ಮಗಳು ಜಯ ಚೊಚ್ಚಲ ಬಸುರಿ. ಸರಿಯಾಗಿ ಆಗಲೇ ಅಕ್ಕನ ಮಂಡಿಗಳು ಮುಷ್ಕರ ಹೂಡಿದವು. ಕೆಳಗೆ ಕೂರಲಾಗದು, ಕೂತರೆ ಏಳಲಾಗದು. ಊರ ಮಕ್ಕಳಿಗೆಲ್ಲ ನೀರು ಹಾಕಿದವಳು ಸ್ವಂತ ಮೊಮ್ಮಗುವನ್ನು ಬೇರೆಯವರ ಕಾಲ ಮೇಲೆ ನೋಡಬೇಕಲ್ಲ ಎಂಬುದೇ ಅವಳ ಸಂಕಟ. ನೋವಿಗೆ ಅಳದವಳು ಇದನ್ನು ಹೇಳುವಾಗ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅವಳೇ ಒಂದು ಉಪಾಯ ಹುಡುಕಿಕೊಂಡಿದ್ದಳು. ಅದು ಅಲುಗಾಡದೆ ಇರುವುದು. “ಗಾಡಿ ಓಡ್ದಷ್ಟೂ ಅಚ್ಚು ಸವೀತದೆ ಕಣ್ಲಾ. ಈಗ ಸುಮ್ಕಿದ್ರೆ ಕೂಸು ಬರೋ ಒತ್ಗೆ ವಸಿ ಉಳ್ಕತದೆ” ಎಂದು ಮಂಡಿಗೆ ಎಣ್ಣೆ ತಿಕ್ಕಿಸಿಕೊಂಡು ಮಂಚ ಹಿಡಿದಳು. ವಿಜ್ಞಾನದ ಮೇಷ್ಟ್ರಾದ ನನಗೂ ಈ ತರ್ಕ ಸರಿಯೆಂದೇ ಕಂಡಿತು. ಆದರೂ ಇರಲೆಂದು ಬಸ್ಸು ಹತ್ತಿಸಿ ಹಾಸನದ ಡಾಕ್ಟರೊಬ್ಬರ ಬಳಿ ಕರೆದುಕೊಂಡು ಹೋದೆ.

ಡಾಕ್ಟರು ತಾಳ್ಮೆಯ ಮನುಷ್ಯ. ಕೀಲಿನಲ್ಲಿ ಮೂಳೆಯ ತುದಿಗೆ ಮೃದ್ವಸ್ಥಿ ಎಂಬ ನುಣ್ಣನೆಯ ಹೊದಿಕೆ ಇರುತ್ತದಂತೆ. ಅದಕ್ಕೆ ರಕ್ತನಾಳವೇ ಇಲ್ಲ. ಅದರೊಳಗಿನ ಒಂದು ವಸ್ತು ನೀರನ್ನು ಹಿಡಿದಿಟ್ಟುಕೊಂಡು ಹೊದಿಕೆಯನ್ನು ಮೆತ್ತೆಯ ಹಾಗೆ ಉಬ್ಬಿಸಿಡುತ್ತದೆ. ಅವರು ಆಗ ಹೇಳಿದ ಹೆಸರು ಮರೆತಿದೆ. ಈಗಿನ ಪುಸ್ತಕಗಳಲ್ಲಿ ಅದು ಪ್ರೋಟಿಯೋಗ್ಲೈಕನ್. ಹೆಜ್ಜೆ ಊರಿದಾಗ ನೀರು ಹಿಂಡಿ ಹೊರಬರುತ್ತದೆ, ಎತ್ತಿದಾಗ ಒಳಸೇರುತ್ತದೆ. ಮೃದ್ವಸ್ಥಿಯ ಊಟ ಬರುವುದು ಆ ನೀರಿನಲ್ಲೇ. ಅಕ್ಕನಿಗೆ ಬಂದಿದ್ದ ಸಂಧಿವಾತದಲ್ಲಿ ಆ ವಸ್ತು ಕರಗುತ್ತ ಹೋಗಿ, ನೀರು ನಿಲ್ಲದೆ, ಮೆತ್ತೆ ಸವೆಯುತ್ತದೆ.

“ಹೋದದ್ದು ತಿರುಗಿ ಬರೋದಿಲ್ಲಮ್ಮ. ಇರೋದನ್ನ ಉಳಿಸ್ಕೋಬೇಕಾದ್ರೆ ಮಲಗಬೇಡಿ, ನಡೀರಿ. ತೊಡೆ ಗಟ್ಟಿಯಾದ್ರೆ ಮಂಡಿಗೆ ಭಾರ ಕಡಿಮೆ” ಎಂದು ಡಾಕ್ಟರು ನೋವಿನ ಮಾತ್ರೆ ಬರೆದುಕೊಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ, “ಅದೇನ್ಲಾ ಅಂದ್ರು ಡಾಕ್ಟ್ರು? ನಂಗೊಂದೂ ತಿಳೀನಿಲ್ಲ” ಎಂದಳು. ನನ್ನೊಳಗಿನ ಮೇಷ್ಟ್ರು ಎದ್ದು ಕೂತ. “ಕಾಮಕಸ್ತೂರಿ ಬೀಜ ನೆನೆಹಾಕಿದ್ರೆ ಸುತ್ತ ಲೋಳೆ ಕಟ್ಕೊಂಡು ನೀರನ್ನ ಬಿಡದೆ ಹಿಡ್ಕೊಳ್ಳಲ್ವೇನಕ್ಕ? ಮಂಡಿಯೊಳಗೂ ಹಾಗೇ” ಎಂದೆ. ಇಂಥ ಹೋಲಿಕೆ ಹೊಳೆದದ್ದಕ್ಕೆ ಊರು ಬರುವವರೆಗೂ ನನ್ನ ಬಗ್ಗೆ ನನಗೇ ಮೆಚ್ಚುಗೆ.

ಮುಂದಿನ ವಾರ ಹೋಗಿ ನೋಡುತ್ತೇನೆ, ಅಕ್ಕ ಎರಡೂ ಮಂಡಿಗೆ ನೆನೆದ ಕಾಮಕಸ್ತೂರಿ ಮೆತ್ತಿ ಬಟ್ಟೆ ಬಿಗಿದಿದ್ದಾಳೆ. ಬೀಜ ತೆಗೆದದ್ದು ಮಿಕ್ಕಿದ್ದ ಬೆಲ್ಲದ ಪಾನಕದಿಂದ. ಮಂಚದ ಕಾಲಿನಿಂದ ಅಕ್ಕನ ಕಾಲಿನವರೆಗೆ ಇರುವೆ ಸಾಲುಗಟ್ಟಿತ್ತು. “ನೀನೇ ಅಲ್ವೇನ್ಲಾ ಯೋಳಿದ್ದು! ಮೇಷ್ಟ್ರಂತೆ ಮೇಷ್ಟ್ರು!” ಎಂದು ಬೈದಳು. ಪರೀಕ್ಷೆಯಲ್ಲಿ ನನ್ನ ಪಾಠ ಏನೇನೋ ಆಗಿ ಹೊರಬಂದದ್ದುಂಟು, ಇರುವೆ ಮುತ್ತಿದ್ದು ಇದೊಂದೇ ಸಲ.

ಆಮೇಲೆ ಯೋಚಿಸಿದೆ. ನಮ್ಮನ್ನು ದಾರಿ ತಪ್ಪಿಸಿದ್ದು ನಮ್ಮ ಮಾತೇ ಇರಬೇಕು. ಗಾಡಿಗೂ ಕೀಲು, ಗೊಂಬೆಗೂ ಕೀಲು, ಮನುಷ್ಯನಿಗೂ ಕೀಲು ಎಂದು ಒಂದೇ ಪದ ಇಟ್ಟುಕೊಂಡಿದ್ದೇವೆ. ಗಾಡಿಯನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿದರೆ ಅದರ ಕೀಲು ಸವೆಯದೆ ಉಳಿಯುತ್ತದೆ. ಮನುಷ್ಯನನ್ನು ನಿಲ್ಲಿಸಿದರೆ ಅವನ ಕೀಲು ನೀರೂ ಊಟವೂ ಇಲ್ಲದೆ ಸೊರಗುತ್ತದೆ. ಇದನ್ನು ಈ ಸಲ ಹೋಲಿಕೆಯಿಲ್ಲದೆ ಅಕ್ಕನಿಗೆ ಹೇಳಿದೆ. ಅವಳು ಮಂಚದಿಂದ ಕಾಲಿಳಿಸಿ, “ಅಂಗಾರೆ ಕೋಲು ಕೊಡ್ಲಾ. ತ್ವಾಟದ್ಗಂಟ ಓಗ್ಬತ್ತೀನಿ” ಎಂದಳು. ಅಂದಿನಿಂದ ಬೆಳಿಗ್ಗೆ ಸಂಜೆ ನನ್ನನ್ನೂ ಡಾಕ್ಟರನ್ನೂ ಸಮನಾಗಿ ಬೈಯುತ್ತ ತೋಟಕ್ಕೆ ನಡೆದಳು.

ಜಯಳಿಗೆ ಹೆಣ್ಣುಮಗುವಾಯಿತು. ನಾನು ನೋಡಲು ಹೋದ ದಿನ ಅಕ್ಕ ಮೊದಲ ಸಲ ಮಣೆಯ ಮೇಲೆ ಕೂರಲು ಹೊರಟಿದ್ದಳು. ಬಚ್ಚಲ ಗೋಡೆ ಹಿಡಿದು, ಹಲ್ಲು ಕಚ್ಚಿ, ನಿಧಾನವಾಗಿ ಇಳಿದಳು. ಕಾಲು ಚಾಚಿದಳು. “ಕೂತಿದ್ದಾಯ್ತು. ಏಳಾದ ಆಮೇಕೆ ನೋಡ್ಕಳನ. ತತ್ತಾ ಕೂಸ್ನ!” ಎಂದು ಕೈ ನೀಡಿದಳು. ಅವಳ ಮುಖ ನೋಡಿ ನನಗೆ ಹೇಳಲಾರದಷ್ಟು ಸಂತೋಷವಾಯಿತು.

ಬಾಗಿಲಲ್ಲಿ ನಿಂತು ಸುಮ್ಮನಿರಲಾರದೆ ನಾನು, “ಹುಟ್ಟಿದ ಮಗುವಿನ ಮಂಡಿಚಿಪ್ಪಿನಲ್ಲಿ ಇನ್ನೂ ಮೂಳೆಯೇ ಇರಲ್ಲವಂತೆ ಅಕ್ಕ, ಎಲ್ಲ ಮೃದ್ವಸ್ಥಿ” ಎಂದೆ.

“ಇದ್ರುದ್ದು ಪೂರಾ ಮೆತ್ತೆ, ನಂದು ಪೂರಾ ಮೂಳೆ. ಒಳ್ಳೆ ಜೋಡಿ ಕಣ್ಲಾ!” ಎಂದು ನಕ್ಕು ನೀರು ಹುಯ್ದಳು. ಮಗು ಕಿರುಚಿ ಕಾಲು ಜಾಡಿಸಿ ಒದೆಯತೊಡಗಿತು. ಜಯ ಗಾಬರಿಯಾಗಿ ಕಾಲು ಹಿಡಿಯಲು ಬಗ್ಗಿದಳು. ಅಕ್ಕ ತಡೆದಳು.

“ಒದೀಲಿ ಬುಡವ್ವ. ಅದು ಮಂಡಿಗೆ ನೀರು ಕುಡುಸ್ತಾ ಅದೆ.”

ಆಮೇಲೆ ಅಕ್ಕನನ್ನು ಎಬ್ಬಿಸಲು ನಾನೂ ಜಯಳೂ ಎರಡೂ ತೋಳು ಹಿಡಿಯಬೇಕಾಯಿತು, ಅದು ಬೇರೆ ಮಾತು. ಈಗ ನನ್ನ ಸರದಿ. ಏಳುವ ಮುಂಚೆ ಕುರ್ಚಿಯಲ್ಲೇ ನಾಲ್ಕು ಸಲ ಗಾಳಿಗೆ ಒದೆಯುತ್ತೇನೆ. ನೋವೇನೋ ತಗ್ಗಿದೆ. ಲಟಕ್ಕೆಂಬ ಸದ್ದು ಮಾತ್ರ ಹೋಗಿಲ್ಲ. ಹೋಗುವುದೂ ಬೇಡ, ಅದು ಹೋದರೆ ನನಗೆ ಕಾಫಿ ಬರುವುದು ಹೇಗೆ?