ಗುಲಾಬಿ ಮೇಷ್ಟ್ರ ಪರೀಕ್ಷೆ

ನಮ್ಮ ಬೀದಿಯ ನಿವೃತ್ತ ಮೇಷ್ಟ್ರ ಮನೆಗೆ ಹೋದವರು ಮೊದಲು ಗುಲಾಬಿಗೆ ಹಾಜರಿ ಹಾಕಬೇಕು. ಆಳೆತ್ತರ ಬೆಳೆದು ಗೇಟನ್ನು ಅರ್ಧ ನುಂಗಿರುವ ಹಳೇ ಕಾಲದ ಪೊದೆ ಅದು. ವರ್ಷಕ್ಕೊಮ್ಮೆ ಮೈತುಂಬ ಹೂ ಬಿಡುತ್ತದೆ. ಕೀಳಲು ಕೈ ಚಾಚಿದರೆ ಮುಳ್ಳಿಗಿಂತ ಮೊದಲು ಮೇಷ್ಟ್ರೇ ಚುಚ್ಚುತ್ತಾರೆ. "ಕೀಳ್ಬೇಡಿ, ಮೂಸಿ. ವಾಸನೆ ಹೇಗಿದೆ ಹೇಳಿ." ಚೆನ್ನಾಗಿದೆ ಎಂದರೆ ಬಿಡುವ ಆಸಾಮಿಯಲ್ಲ. "ಅದು ನಂಗೂ ಗೊತ್ತು ಕಣ್ರೀ, ಯಾವುದರ ಥರ ಇದೆ?" ಜೇನಿನ ಥರ ಎಂದ ಹಾಲಿನವನು ಪಾಸಾದ, ಸೋಪಿನ ಥರ ಎಂದ ನನ್ನನ್ನು ಫೇಲು ಮಾಡಿ ಮತ್ತೆ ಪೊದೆಗೆ ಕಳಿಸಿದರು. ಉತ್ತರ ಕೇಳುವಾಗ ಕಣ್ಣು ಮುಚ್ಚಿಕೊಳ್ಳುವುದು ಅವರ ಅಭ್ಯಾಸ. ಮೊನ್ನೆ ಅವರ ಹೆಂಡತಿ ಸೀದ ಹಾಲಿನ ಪಾತ್ರೆ ಹಿಡಿದು ಹೊರಗೆ ಬಂದರು. "ಒಲೆ ಪಕ್ಕದಲ್ಲೇ ಕೂತಿದ್ರೂ ಇವರಿಗೆ ಗೊತ್ತಾಗಲಿಲ್ಲ ನೋಡಿ. ಆ ಜ್ವರ ಬಂದು ಹೋದಮೇಲೆ ಯಾವ ವಾಸನೇನೂ ತಿಳಿಯಲ್ಲ. ನೀವು ಸ್ವಲ್ಪ ಬಿಡಿಸಿ ಹೇಳಿ."